ಬಲ್ಬಣ್ಣ ಹುಡುಕಿದ ಕಾಲ್ಗುಣ

ಬಲ್ಬಣ್ಣನವರ ಮುಖಕ್ಕಿಂತ ಮೊದಲು ಎಲ್ಲರಿಗೂ ಪರಿಚಯವಾಗುತ್ತಿದ್ದುದು ಅವರ ಪಾದಗಳು. ಯಾವುದೋ ಹಳೆಯ ಕಾರಿನ ಬಾಗಿಲು ಹಾರು ಹೊಡೆದಿರುತ್ತಿತ್ತು. ಅದರೊಳಗಿಂದ ಮೊಣಕಾಲಿನವರೆಗೆ ಎರಡು ಕಾಲುಗಳು ಹೊರಚಾಚಿರುತ್ತಿದ್ದವು. ಉಳಿದ ದೇಹವೆಲ್ಲ ಡ್ಯಾಶ್‌ಬೋರ್ಡಿನ ಕೆಳಗಿನ ಕತ್ತಲಲ್ಲಿ, ವೈರುಗಳ ಸಿಕ್ಕಿನಲ್ಲಿ ಅಂತರ್ಧಾನವಾಗಿರುತ್ತಿತ್ತು. ಗಿರಾಕಿಗಳಿಗೆ ಆ ಪಾದಗಳೊಡನೆಯೇ ಮಾತಾಡಿ ರೂಢಿ. ಹೆಬ್ಬೆರಳು ಮೇಲಕ್ಕೆದ್ದರೆ ಹೌದು, ಅಂಗಾಲುಗಳು ಒಂದಕ್ಕೊಂದು ಉಜ್ಜಿಕೊಂಡರೆ ಅಲ್ಲ, ಎರಡೂ ಅಲ್ಲಾಡದೆ ಸ್ತಬ್ಧವಾದರೆ 'ಸ್ವಲ್ಪ ಬಾಯಿ ಮುಚ್ಕೊಂಡಿರಿ, ಏನೋ ಸಿಕ್ಕಿದೆ' ಎಂದರ್ಥ. ಹೊಸಬರು ಯಾರಾದರೂ ಬಗ್ಗಿ ಮುಖ ಹುಡುಕಲು ಹೋದರೆ ಹಳಬರು ಅವರನ್ನು ಹಿಂದಕ್ಕೆಳೆದು, "ಕಾಲಿಗೇ ಹೇಳಿ ಸ್ವಾಮಿ, ಕೇಳಿಸುತ್ತೆ" ಎನ್ನುತ್ತಿದ್ದರು.

ಹಳೆಯ ಗಾಡಿಗಳಲ್ಲಿ ಫ್ಯೂಸು ಪದೇ ಪದೇ ಸುಡುವುದಕ್ಕೆ ಕಾರಣವಾದ ಶಾರ್ಟನ್ನು ಹುಡುಕಿ ತೆಗೆಯುವುದೊಂದೇ ಅವರ ವೃತ್ತಿ, ಅದೇ ಅವರ ವ್ಯಸನ. ಬಣ್ಣ ಯಾವುದೆಂದು ಈಗ ಯಾರೂ ಹೇಳಲಾರದ ಒಂದು ಕೋಟು ಹಾಕಿಕೊಳ್ಳುತ್ತಿದ್ದರು. ಅದರ ಒಳಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟ ಒಂದು ಸಣ್ಣ ಬಲ್ಬು, ಅದಕ್ಕೆ ಎರಡು ತುಂಡು ವೈರು. ಹೆಸರು ಬಂದದ್ದೇ ಅದರಿಂದ. ಸುಟ್ಟ ಫ್ಯೂಸಿನ ಜಾಗಕ್ಕೆ ಆ ಬಲ್ಬನ್ನು ಸಿಕ್ಕಿಸಿದರೆ ಮುಗಿಯಿತು: ಎಲ್ಲೋ ಒಂದು ವೈರು ಗಾಡಿಯ ಕಬ್ಬಿಣಕ್ಕೆ ತಾಗುತ್ತಿದ್ದರೆ ಬಲ್ಬು ಉರಿಯುತ್ತದೆ, ಆ ವೈರನ್ನು ಬಿಡಿಸಿದೊಡನೆ ಆರುತ್ತದೆ. ಇಷ್ಟೇ ವಿದ್ಯೆ. ಆದರೆ ಆ 'ಎಲ್ಲೋ' ಎಂಬುದಿದೆಯಲ್ಲ, ಅದನ್ನು ಹುಡುಕಲು ಋಷಿಗಳ ಸಹನೆ ಬೇಕು. ಬಲ್ಬಣ್ಣನವರಿಗೆ ಅದಿತ್ತು. ವೈರನ್ನು ಎರಡು ಬೆರಳಲ್ಲಿ ನಾಡಿಯಂತೆ ಹಿಡಿದು, ತಲೆ ಓರೆ ಮಾಡಿ, "ಇರ್ಲಿ, ಕೇಳೋಣ" ಎಂದು ತಮಗೆ ತಾವೇ ಹೇಳಿಕೊಂಡು, ಗೇಣುಗೇಣಾಗಿ ಮುಂದೆ ಸಾಗುತ್ತಿದ್ದರು.

ಸೌಮ್ಯ ಸ್ವಭಾವದ ಅವರಿಗೆ ಮೈಯೆಲ್ಲ ಉರಿದುಹೋಗುತ್ತಿದ್ದುದು ಒಂದೇ ವಿಷಯಕ್ಕೆ. ಕೆಲವು ಮಹಾನುಭಾವರು ಸುಟ್ಟ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಅದನ್ನು ಕಂಡರೆ ಕಾಲುಗಳು ಸರಕ್ಕನೆ ಒಳಗೆ ಹೋಗಿ, ಮುಖ ಹೊರಗೆ ಬರುತ್ತಿತ್ತು. "ಅಲ್ರೀ, ಅಳೋ ಮಗು ಬಾಯಿಗೆ ಬಟ್ಟೆ ತುರುಕ್ತೀರಾ? ಯಾಕೆ ಅಳ್ತಿದೆ ಅಂತ ನೋಡೋದು ಬೇಡ್ವಾ?" ಎಂದು ಆ ಕಾಗದವನ್ನು ಬಿಚ್ಚಿ, ಉಂಡೆ ಮಾಡಿ, ಮಹಾನುಭಾವರ ಕೈಯಲ್ಲೇ ಇಡುತ್ತಿದ್ದರು.

ಇನ್ನೊಂದು ಹಟ ಅವರದು. ಕೆಲಸ ಮಾಡುವಾಗ ಗಾಡಿಯ ಸುತ್ತ ಒಂದು ನರಪಿಳ್ಳೆಯೂ ಇರಕೂಡದು. ಒಳಗೆ ಯಾರಾದರೂ ಕೂತಿದ್ದರಂತೂ ಮುಲಾಜಿಲ್ಲದೆ ಇಳಿಸಿ, ಬೀದಿಯ ಆಚೆ ಬದಿಯ ಬೆಂಚಿಗೆ ಅಟ್ಟಿಬಿಡುತ್ತಿದ್ದರು. "ಜನ ಇದ್ರೆ ಕರೆಂಟು ಮಾತಾಡಲ್ಲ" ಎಂಬುದು ಅವರ ಸಿದ್ಧಾಂತ. ಈ ಸಿದ್ಧಾಂತವೇ ಒಮ್ಮೆ ಅವರು ಚೆನ್ನಾಗಿ ಮುಗ್ಗರಿಸುವಂತೆ ಮಾಡಿತು.

ಊರಿನ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರಿಗೆ ಎಲ್ಲರ ಬಾಯಲ್ಲಿ ಪ್ರೆಸ್ಸಿನವರು ಎಂದೇ ಹೆಸರು. ಅವರ ಕಾರಿನದು ಆ ಪ್ರಸಂಗ. ಅಪ್ಪನ ಕಾಲದ ಕಾರು. ಪೆಟ್ರೋಲ್ ಪಂಪಿನ ಫ್ಯೂಸು ಸುಟ್ಟು, ನಡುರಸ್ತೆಯಲ್ಲಿ ಉಸಿರು ಬಿಟ್ಟು ನಿಂತುಬಿಡುತ್ತಿತ್ತು. ಬಲ್ಬಣ್ಣ ಮೊದಲ ಸಲ ಬಾನೆಟ್ಟಿನಡಿ ಸಿಪ್ಪೆ ಸುಲಿದ ಒಂದು ವೈರನ್ನು ಕಂಡು, ಟೇಪು ಸುತ್ತಿ, ಸಿಕ್ಕಿತೆಂದು ಬೀಗಿದರು. ಮರುವಾರವೇ ಕಾರು ಮತ್ತೆ ನಿಂತಿತು. ಎರಡನೆಯ ಸಲ ಬಲ್ಬು ಸಿಕ್ಕಿಸಿ, ಬಾಗಿಲು ಬಡಿದು, ಗಾಡಿಯನ್ನು ಹಿಡಿದು ಅಲ್ಲಾಡಿಸಿದರೂ ಬಲ್ಬು ಮಿಣುಕಲಿಲ್ಲ. ಏನೂ ಸಿಗದೆ, ಅನುಮಾನಕ್ಕೆ ಮುಂದಿನ ವೈರನ್ನೇ ಬದಲಾಯಿಸಿ ಕಳಿಸಿದರು. ಅದೂ ನಾಲ್ಕು ದಿನದ ಸಂಭ್ರಮವಾಯಿತು.

ಅಷ್ಟರಲ್ಲಿ ಪ್ರೆಸ್ಸಿನವರ ಮನೆಯಲ್ಲಿ ಬೇರೊಂದು ಶೋಧನೆ ನಡೆದಿತ್ತು. ಪ್ರೆಸ್ಸಿನವರನ್ನು ಎತ್ತಿ ಆಡಿಸಿ ಬೆಳೆಸಿದ ಸೋದರತ್ತೆ ಆ ಮನೆಯಲ್ಲೇ ಇದ್ದರು. ಅತ್ತೆ ಕಾರಿನಲ್ಲಿದ್ದ ದಿನ ಮಾತ್ರ ಫ್ಯೂಸು ಸುಡುತ್ತದೆ ಎಂದು ಯಾರೋ ಲೆಕ್ಕ ಹಾಕಿದರು, ಮೊದಲು ನಗೆಯಾಡಿದರು. "ಅತ್ತೆ ಹತ್ತಿದ್ರಾ? ಹಾಗಾದ್ರೆ ಇಳೀರಿ ಎಲ್ರೂ, ತಳ್ಳೋಕೆ ರೆಡಿಯಾಗಿ" ಎಂದು ಪ್ರೆಸ್ಸಿನವರೇ ತಮಾಷೆ ಮಾಡಿದರು. ಅತ್ತೆಯೂ ಎಲ್ಲರ ಜೊತೆ ನಕ್ಕರು. ಆಮೇಲೆ ಒಂದು ದಿನ, "ನನ್ನ ಕಾಲ್ಗುಣ ಕಣಪ್ಪಾ" ಎಂದು ತಾವೇ ಅಂದರು. ಮದುವೆಯಾದ ವರ್ಷದೊಳಗೆ ಗಂಡನನ್ನು ಕಳೆದುಕೊಂಡಾಗ ಗಂಡನ ಮನೆಯವರು ಆಡಿದ್ದ ಮಾತದು. ಅರ್ಧ ಆಯುಷ್ಯ ಕಳೆದರೂ ಎದೆಯೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತ್ತು, ಪಾಪ. ಅಂದಿನಿಂದ ಕಾರು ಹತ್ತುವುದನ್ನೇ ಬಿಟ್ಟರು.

ಹೀಗಿರುವಾಗ ಅವರ ಒಬ್ಬಳೇ ತಂಗಿ ಪಕ್ಕದೂರಿನ ಆಸ್ಪತ್ರೆಯಲ್ಲಿ ಮಲಗಿ, ಅಕ್ಕನನ್ನು ನೋಡಬೇಕು ಎಂದು ಹೇಳಿ ಕಳಿಸಿದರು. ಮಂಡಿನೋವಿನ ಅತ್ತೆ ಬಸ್ಸಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಬೇರೆ ಕಾರು ಮಾಡಿಸುತ್ತೇನೆ ಎಂದರೆ, "ಅದೂ ನಿಂತ್ರೆ? ನೀವೆಲ್ಲ ಹೋಗಿ ಬನ್ನಿ. ಅವಳಿಗೆ ನಾನು ಕೇಳ್ದೆ ಅಂತ ಹೇಳಿ" ಎಂದು ಗೋಡೆಯ ಕಡೆ ತಿರುಗಿದರು. ತಂಗಿಯ ಸ್ಥಿತಿ ದಿನದಿನಕ್ಕೆ ಹದಗೆಡುತ್ತಿತ್ತು. ಪ್ರೆಸ್ಸಿನವರು ಬಲ್ಬಣ್ಣನವರ ಪಾದಗಳ ಮುಂದೆ ನಿಂತು ಇದನ್ನೆಲ್ಲ ಹೇಳಿದಾಗ ಹೆಬ್ಬೆರಳು ಏಳಲಿಲ್ಲ, ಅಂಗಾಲು ಉಜ್ಜಲಿಲ್ಲ. "ತಮಾಷೆ ಶುರು ಮಾಡಿದ್ದೇ ನಾನು" ಎಂದು ಪ್ರೆಸ್ಸಿನವರು ಕೊನೆಗೆ ಒಪ್ಪಿಕೊಂಡರು.

ಅಂದು ಮಧ್ಯಾಹ್ನ ಬಲ್ಬಣ್ಣನವರಿಗೆ ಊಟ ಸೇರಲಿಲ್ಲ. ನಾನು ಹುಡುಕಲಾರದ ತಪ್ಪಿಗೆ ಆ ಹೆಂಗಸು ಸಿಕ್ಕಿಬಿದ್ದಿದ್ದಾಳಲ್ಲ ಎಂಬ ಸಂಕಟ. ಕಾರಣ ಕೇಳಿ ತಿಳಿದ ಹೆಂಡತಿ, ನಾಲಗೆ ಸ್ವಲ್ಪ ಹರಿತವಾದ ಹೆಣ್ಣುಮಗಳು, ಕೇಳಿದಳು:

"ಆಯಮ್ಮನ್ನ ಕೂರಿಸಿ ನೋಡಿದ್ರಾ?"

"ಗಾಡೀಲಿ ಜನ ಇದ್ರೆ ನನಗೆ..."

"ಅಯ್ಯೋ ನಿಮ್ಮ! ಚಪ್ಪಲಿ ಕಚ್ಚುತ್ತೆ ಅಂದ್ರೆ, ಕಾಲು ಹಾಕದೆ ಬರೀ ಚಪ್ಪಲೀನೇ ತಿರುಗಿಸಿ ತಿರುಗಿಸಿ ನೋಡಿದ್ರೆ ಎಲ್ಲಿ ಕಚ್ಚುತ್ತೆ ಅಂತ ಗೊತ್ತಾಗುತ್ತಾ?"

ಬಲ್ಬಣ್ಣ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದರು. ಎಂದೂ ಅವಸರ ಕಾಣದ ಆ ನಡಿಗೆ, ಕೋಟಿನ ಒಂದು ತೋಳು ಹಾಕಿಕೊಳ್ಳುತ್ತಲೇ, ಪ್ರೆಸ್ಸಿನವರ ಮನೆಯ ಕಡೆ ಓಟವಾಯಿತು.

ಅತ್ತೆಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಅಮ್ಮಾ, ಕಾರು ಎಲ್ಲಿಗೂ ಹೋಗಲ್ಲ, ಅಂಗಳದಲ್ಲೇ ನಿಂತಿರುತ್ತೆ. ನೀವು ಯಾವಾಗ್ಲೂ ಕೂರೋ ಜಾಗದಲ್ಲಿ ಒಂದು ಗಳಿಗೆ ಕೂತರೆ ಸಾಕು. ನನ್ನ ಮರ್ಯಾದೆ ಪ್ರಶ್ನೆ" ಎಂದು ಬಲ್ಬಣ್ಣ ಕೈಮುಗಿದರು. ಆ ಕೊನೆಯ ಮಾತಿಗೆ ಅವರು ಎದ್ದು ಬಂದರು. ಪರರ ಮರ್ಯಾದೆಯ ವಿಷಯದಲ್ಲಿ ಅತ್ತೆ ಬಹಳ ಮೃದು. ಬಲ್ಬಣ್ಣ ಪಂಪಿನ ಸಂಪರ್ಕ ಬಿಡಿಸಿ, ಬಲ್ಬು ಸಿಕ್ಕಿಸಿ, ಕೀಲಿ ತಿರುಗಿಸಿದರು. ಬಲ್ಬು ತಣ್ಣಗಿತ್ತು. ಅತ್ತೆ ಮೆಲ್ಲಗೆ ಬಾಗಿ, ಡ್ರೈವರಿನ ಹಿಂದೆ ಕಿಟಕಿಯ ಪಕ್ಕ, ಕಾಲು ಚಾಚಲು ಅನುಕೂಲವೆಂದು ಎಂದಿನಿಂದಲೂ ತಮಗೇ ಮೀಸಲಾಗಿದ್ದ ಮೂಲೆಯಲ್ಲಿ ಕೂತರು.

ಬಲ್ಬು ಝಗ್ಗನೆ ಹೊತ್ತಿಕೊಂಡಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. "ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದು ಇಳಿಯಲು ಬಾಗಿಲಿಗೆ ಕೈ ಹಾಕಿದರು. ಬಲ್ಬಣ್ಣ ಅವರನ್ನು ತಡೆಯಲಿಲ್ಲ. ಕೈ ಕೊಟ್ಟು ಇಳಿಸಿಕೊಂಡರು. ಬಲ್ಬು ಆರಿತು. ಆಮೇಲೆ ಪ್ರೆಸ್ಸಿನವರ ಕಡೆ ತಿರುಗಿ, "ಈಗ ನೀವು ಬನ್ನಿ. ಅದೇ ಜಾಗ. ಇನ್ನೂ ಒಂಚೂರು ಒತ್ತಿ. ಹ್ಞಾ, ಧಡೂತಿ ದೇಹ ಇಂಥದ್ದಕ್ಕಲ್ದೆ ಇನ್ಯಾವುದಕ್ಕೆ!" ಎಂದರು. ಪ್ರೆಸ್ಸಿನವರು ಕೂತರು. ಬಲ್ಬು ಮೊದಲಿಗಿಂತ ಜೋರಾಗಿ ಉರಿಯಿತು.

ಸೀಟು ಎತ್ತಿ, ಅಡಿಯ ಹಾಸನ್ನು ಸರಿಸಿದರೆ, ಮುರಿದ ಸ್ಪ್ರಿಂಗೊಂದರ ತುದಿ, ಸೀಟಿನ ಮೇಲೆ ಭಾರ ಬಿದ್ದಾಗಲೆಲ್ಲ ಕೆಳಗಿಳಿದು, ಪಂಪಿಗೆ ಹೋಗುವ ವೈರಿನ ಸಿಪ್ಪೆಯನ್ನು ಚುಚ್ಚಿ ಚುಚ್ಚಿ ಸಣ್ಣದೊಂದು ತೂತು ಮಾಡಿತ್ತು. ಭಾರ ತೆಗೆದರೆ ಅದು ಮಹಾಸಾಧುವಿನಂತೆ ಮೇಲೇರಿ ಕೂರುತ್ತಿತ್ತು. ಬಲ್ಬಣ್ಣ ಅತ್ತೆಯ ಬೆರಳನ್ನು ಹಿಡಿದು ಆ ತೂತಿನ ಮೇಲೆ ಇರಿಸಿದರು.

"ಮುಟ್ಟಿ ನೋಡಿ ಅಮ್ಮಾ. ನಿಮ್ಮ ಕಾಲ್ಗುಣ ಇಷ್ಟೇ ಇಷ್ಟು. ಯಾರು ಕೂತಿದ್ರೂ ಹೀಗೇ ಆಗ್ತಿತ್ತು. ಆ ಜಾಗ ನಿಮಗೆ ಅಂತ ಯಾರೂ ಕೂರ್ತಿರ್ಲಿಲ್ಲ, ಅಷ್ಟೇ. ತಪ್ಪು ನನ್ನದು. ಗಾಡಿ ಖಾಲಿ ಮಾಡಿಸಿ ಹುಡುಕ್ತಿದ್ದೆ, ಬುದ್ಧಿಗೇಡಿ."

ಅತ್ತೆ ಬಹಳ ಹೊತ್ತು ಆ ತೂತನ್ನು ಸವರುತ್ತಲೇ ನಿಂತಿದ್ದರು. "ಇಷ್ಟೇನಾ?" ಎಂದರು. ಮತ್ತೆ, ಯಾರನ್ನೂ ನೋಡದೆ, ಎಷ್ಟೋ ಕಾಲದ ಹಿಂದಿನವರನ್ನು ಕೇಳುವಂತೆ, "ಇಷ್ಟೇನಾ?" ಎಂದರು. ಕಣ್ಣೀರು ಧಾರಾಳವಾಗಿ ಹರಿಯಿತು. ಪ್ರೆಸ್ಸಿನವರು ಮಗುವಿನ ಹಾಗೆ ಅವರ ಭುಜಕ್ಕೆ ಹಣೆಯಾನಿಸಿ ತಾವೂ ಅತ್ತರು. ಬಲ್ಬಣ್ಣ ಬಲ್ಬು ಸುತ್ತುವ ಕರವಸ್ತ್ರವನ್ನು ಕೊಡಲು ಹೋಗಿ, ಅದರ ಎಣ್ಣೆಜಿಡ್ಡು ಕಂಡು ನಾಚಿ ವಾಪಸ್ಸು ಜೇಬಿಗಿಟ್ಟುಕೊಂಡರು.

ಸ್ಪ್ರಿಂಗು ಕತ್ತರಿಸಿ, ವೈರಿಗೆ ರಬ್ಬರಿನ ಕವಚ ತೊಡಿಸಿದ ಮೇಲೆ ಅತ್ತೆ ತಮ್ಮ ಮೂಲೆಯಲ್ಲೇ ಕೂತು, ಕೂತಲ್ಲೇ ಎರಡು ಸಲ ಕುಕ್ಕರಿಸಿ ಪರೀಕ್ಷೆ ಮಾಡಿಕೊಂಡರು. ಕಾರು ಆ ಸಂಜೆಯೇ ಪಕ್ಕದೂರು ಮುಟ್ಟಿತು. ತಂಗಿ ಎಚ್ಚರವಾಗಿದ್ದರು. ಅಕ್ಕ ಮಂಚದ ಅಂಚಿನಲ್ಲಿ ಕೂತು ತಲೆ ಬಾಚುತ್ತಿದ್ದಂತೆ, "ಯಾಕೆ ಇಷ್ಟು ತಡ ಮಾಡ್ದೆ?" ಎಂದು ಅವರು ಜಗಳ ತೆಗೆದರಂತೆ, ಅಕ್ಕ ಅಷ್ಟೇ ಹುರುಪಿನಿಂದ ಜಗಳವಾಡಿದರಂತೆ.

ಕೆಟ್ಟದ್ದೇನಾದರೂ ನಡೆದಾಗ ಹತ್ತಿರದಲ್ಲಿ ಯಾರಿದ್ದರೆಂದು ನೋಡಿ, ಅವರ ತಲೆಗೆ ಕಟ್ಟಿ, ಕೈ ತೊಳೆದುಕೊಳ್ಳುವುದು ನಮಗೆಲ್ಲ ಎಷ್ಟು ಸಲೀಸು! ಬಲ್ಬಣ್ಣನಂಥವರು ಬೇರೆಯದೇ ಕುಲದವರು. 'ಯಾರಿಂದ' ಎಂಬ ಪ್ರಶ್ನೆ ಅವರ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. 'ಎಲ್ಲಿ' ಎಂದಷ್ಟೇ ಅವರು ಕೇಳುತ್ತಾರೆ. ತಾವೇ ಎಡವಿದರೂ ಮತ್ತೆ ಅದನ್ನೇ ಕೇಳುತ್ತ ಹಿಂದಿರುಗುತ್ತಾರೆ. ಕೊನೆಗೊಮ್ಮೆ ಸಾಸಿವೆಯಷ್ಟು ಜಾಗದ ಮೇಲೆ ಬೆರಳಿಟ್ಟು 'ಇಲ್ಲಿ' ಎನ್ನುವರಲ್ಲ, ಆಗ ತನ್ನದಲ್ಲದ ಹೊರೆಯನ್ನು ಜನ್ಮವಿಡೀ ಹೊತ್ತ ಜೀವವೊಂದು ಅದನ್ನು ಕೆಳಗಿಳಿಸಿ, ತನ್ನವರನ್ನು ನೋಡಲು ಹೊರಡುತ್ತದೆ.