ನಲವತ್ತು ಹೆಜ್ಜೆ

ಕ್ಲಾರಿನೆಟ್ಟಿನ ರೀಡು ಒಣಗಿದೆ, ನಾಲಗೆಗೆ ಬೆತ್ತದ ರುಚಿ, ಮುಂದೆ ವರನ ಕುದುರೆ ಲದ್ದಿ ಹಾಕುತ್ತ ನಡೆದಿದೆ, ಅದನ್ನು ದಾಟಿ ಕಾಲಿಡಬೇಕು, ಸ್ವರವೂ ತಪ್ಪಬಾರದು, ಮೂವತ್ತು ವರ್ಷದಲ್ಲಿ ನಾನು ಪಕ್ಕಾ ಕಲಿತ ವಿದ್ಯೆ ಇದೊಂದೇ — ಏ ಬ್ಯಾಂಡಿನವರ, ಮುಂಜಾನಿ ಉಂಡಿಲ್ಲೇನ್ರಿ, ಜೋರ ಬರ್ಲಿ — ವರನ ಸೋದರಮಾವ ಮುದುಕಪ್ಪ, ಉಂಡೀವ್ರಿ, ನೀವ ಕುಣಿಯವಲ್ರಿ ಎನ್ನಬೇಕಾದ ನನ್ನ ಬಾಯಲ್ಲಿ ಕ್ಲಾರಿನೆಟ್ಟಿದೆ, ಈ ಕಸುಬಿನ ಅನುಕೂಲವೂ ಅದೇ. ಹಿಂದೆ ದೊಡ್ಡ ಡೋಲು ದುರಗೇಶನದು, ಗಿಣಿಗೇರಾದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ನೇರ ಬಂದಿದ್ದಾನೆ, ಇನ್ನೂ ಕಬ್ಬಿಣವನ್ನೇ ಬಡಿಯುತ್ತಿದ್ದಾನೆ, ತಾಳ ತಪ್ಪುವುದಿಲ್ಲ, ಆದರೆ ಪಕ್ಕೀರಪ್ಪ ಅಲ್ಲ, ಅವನು ಇಪ್ಪತ್ತೆಂಟು ವರ್ಷ ಇದೇ ಡೋಲನ್ನು ನನ್ನ ಬೆನ್ನ ಹಿಂದೆ ಬಾರಿಸಿದ, ಬಾರಿಸುವಾಗ ಅವನ ಮುಖ ಹೇಗಿರುತ್ತಿತ್ತೋ ನಾನು ನೋಡಿಯೇ ಇಲ್ಲ. ನೋಡುತ್ತಿದ್ದದ್ದು ಎರಡು ಬೆರಳು. ದವಾಖಾನೆ ಬಂದರೆ, ಸಾವಿನ ಮನೆ ಬಂದರೆ, ನಮಾಜಿನ ಹೊತ್ತಿಗೆ ಮಸೀದಿ ಬಂದರೆ ನಾನು ಕೈ ಎತ್ತುತ್ತೇನೆ, ಬ್ಯಾಂಡು ನಿಲ್ಲುತ್ತದೆ, ನಲವತ್ತು ಹೆಜ್ಜೆ ಬರೀ ಚಪ್ಪಲಿ ಸದ್ದು, ಆಗ ಮಾತ್ರ ಹಿಂದೆ ತಿರುಗುತ್ತೇನೆ, ಡೋಲಿನ ಅಂಚಿನ ಮೇಲೆ ಪಕ್ಕೀರಪ್ಪನ ಎರಡು ಬೆರಳು ಸದ್ದಿಲ್ಲದೆ ಎಣಿಸುತ್ತವೆ, ನಲವತ್ತಕ್ಕೆ ನನ್ನ ಕೈ ಇಳಿಯಬೇಕು, ಹದಿನಾಲ್ಕು ಮಂದಿ ಒಟ್ಟಿಗೆ ಎತ್ತಿಕೊಳ್ಳಬೇಕು. ಯಾವುದೋ ದೊಡ್ಡ ಶಹರದ ಸಿಂಫನಿ ಆರ್ಕೆಸ್ಟ್ರಾವನ್ನು ಮೊಬೈಲಿನಲ್ಲಿ ಅವನಿಗೆ ತೋರಿಸಿದ್ದೆ, ಕರಿ ಕೋಟಿನ ನೂರು ಮಂದಿ, ಕಡ್ಡಿ ಹಿಡಿದವನೊಬ್ಬ, ಎದುರಿಗೆ ಕೆಮ್ಮನ್ನೂ ನುಂಗಿ ಕೂತ ಊರು — ಮಂದಿ ಯಾಕ ಕುಣಿಯವಲ್ರು, ಯಾರರ ಸತ್ತಾರೇನು ಎಂದ. ಅಲ್ಲಿ ಬ್ಯಾಂಡಿಗಾಗಿ ಊರು ಸುಮ್ಮನಾಗುತ್ತದೆ, ಕೊಪ್ಪಳದಲ್ಲಿ ಊರಿಗಾಗಿ ಬ್ಯಾಂಡು. ಈಗ ಪಕ್ಕೀರಪ್ಪ ಮುಂದಿನ ತಿರುವಿನ ದವಾಖಾನೆಯಲ್ಲಿ, ಎರಡನೇ ಮಹಡಿ, ರಸ್ತೆ ಕಡೆಯ ಕಿಟಕಿ, ಇನ್ನು ಔಷಧ ಸಾಕು, ಊರಲ್ಲೇ ಇರಲಿ ಎಂದಿದ್ದಾರೆ ಡಾಕ್ಟರು, ಮಧ್ಯಾಹ್ನ ಹುಲಗಮ್ಮ ಗಂಡನನ್ನು ತಮ್ಮೂರು ಹುಲಿಹೈದರಕ್ಕೆ ಒಯ್ಯುತ್ತಾಳೆ. ನಿನ್ನೆ ಸರಳು ಹಿಡಿದು ಕೂತಿದ್ದ, ಲೇ ಇಲಿಯಾಸ, ನಾಳಿ ಮದುವಿ ಇದ ರಸ್ತಾದಾಗ ಐತಲ್ಲ, ನನ್ನ ಕಿಟಕಿ ಕೆಳಗ ಬಂದ್ ಮಾಡಬ್ಯಾಡ, ಇಷ್ಟ ದಿನ ಹಿಂದ ನಿಂತು ಕೇಳೀನಿ, ಒಂದ್ ಸಲ ಮುಂದ ಕುಂತು ಕೇಳ್ತೀನಿ. ಹೂಂ ಅಂದೆ. ಬೇರೆ ರೋಗಿಗಳು ಬಯ್ಯಲಿ, ಒಂದು ದಿನ ಬಯ್ಯಲಿ, ಹೂಂ ಅಂದಿದ್ದೇನೆ, ತಿರುವು ಬಂತು, ಬೇವಿನ ಮರ, ದವಾಖಾನೆಯ ಗೋಡೆ, ಊದು, ಉಸಿರು ಬಿಡಬೇಡ, ಎರಡನೇ ಮಹಡಿ, ಸರಳು, ಸರಳಿನ ಮೇಲೆ ಅವನ ಕೈ — ಮತ್ತು ನನ್ನ ಕೈ, ಹಾಳಾದದ್ದು, ಮೂವತ್ತು ವರ್ಷದ ರೂಢಿ, ತಾನಾಗಿಯೇ ಮೇಲೆದ್ದಿದೆ, ಬ್ಯಾಂಡು ನಿಂತಿದೆ. ಚಪ್ಪಲಿ ಸದ್ದು. ಯಾಕ್ರಿ, ಸೆಲ್ ಮುಗಿದುವೇನು, ಮುದುಕಪ್ಪ. ತಿರುಗಿದೆ, ದುರಗೇಶ ಬೆವರು ಒರೆಸುತ್ತಿದ್ದಾನೆ, ಎಣಿಸಬೇಕೆಂದು ಅವನಿಗೆ ನಾನು ಹೇಳಿಯೇ ಇಲ್ಲ, ಹೇಳಿದ್ದರೆ ಪಕ್ಕೀರಪ್ಪ ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು, ತಲೆ ಎತ್ತಿದೆ, ಮೇಲೆ ಸರಳಿನ ಮೇಲೆ ಎರಡು ಬೆರಳು, ಹನ್ನೆರಡು, ಹದಿಮೂರು, ಕೇಳಲು ಕೂತವನಿಗೆ ಮತ್ತೆ ಕೆಲಸ ಹಚ್ಚಿದೆನಲ್ಲ, ಇಪ್ಪತ್ತಾರು, ಕಿಟಕಿ ಹಿಂದಾಯಿತು, ಕತ್ತು ತಿರುಗಿಸಿಯೇ ನಡೆದಿದ್ದೇನೆ, ಲದ್ದಿ ತುಳಿದೆ, ಮೂವತ್ತೈದು, ಗೋಡೆ ಮುಗಿಯುತ್ತಿದೆ, ಮೂವತ್ತೆಂಟು, ಮೂವತ್ತೊಂಬತ್ತು, ಎರಡು ಬೆರಳು ಸರಳಿನಿಂದ ಎದ್ದು ನಿಂತಿವೆ, ನನ್ನ ಕೈ ಇಳಿಯುತ್ತಿಲ್ಲ, ಇಳಿದರೆ ಅವನ ಎಣಿಕೆ ಮುಗಿಯಿತು, ಎರಡು ಬೆರಳು