ಹೊಡೆದ ಸಾಲಿನ ಕೆಳಗೆ ಚುಕ್ಕಿಗಳು

ಪೆನ್ನಪ್ಪನವರ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಂಗಿಯ ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು ಇರುತ್ತಿತ್ತು, ಅದಕ್ಕೇ ಪೆನ್ನಪ್ಪ. ಅಚ್ಚುಮನೆಯಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿ ನಿವೃತ್ತರಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಔಷಧಿ ಡಬ್ಬದ ಚೀಟಿ, ಬಸ್ಸಿನ ವೇಳಾಪಟ್ಟಿ, ಮದುವೆಯ ಆಮಂತ್ರಣ, ಯಾವುದು ಸಿಕ್ಕರೂ ತಪ್ಪಿಗೊಂದು ಸುತ್ತು ಹಾಕದೆ ಕೆಳಗಿಡುತ್ತಿರಲಿಲ್ಲ. ಆಮಂತ್ರಣ ಕೊಟ್ಟವರ ಎದುರಿಗೇ ಹಾಕುತ್ತಾರೆ ಎಂಬುದೊಂದೇ ಅವರ ಮೇಲಿದ್ದ ದೂರು.

ಇಂಥವರ ಕೈಗೆ ಮಗಳು ಹೊಸ ಫೋನು ಕೊಟ್ಟು, ಬೀದಿಯ ವಾಟ್ಸಾಪ್ ಗುಂಪಿಗೆ ಸೇರಿಸಿ, ತನ್ನ ಪಾಡಿಗೆ ಗಂಡನ ಮನೆಗೆ ಹೊರಟುಹೋದಳು. ಸೇರಿಸಿದ್ದು ಸರಿಯಾಗಿ ಚುನಾವಣೆಯ ಹೊತ್ತಿಗೆ. ವಾರ್ಡಿನ ಹಾಲಿ ಸದಸ್ಯರ ಎದುರು ಒಬ್ಬ ನಿವೃತ್ತ ಟೀಚರಮ್ಮ ನಿಂತಿದ್ದರು. ಗೆದ್ದರೆ ಅಂಗಡಿಬೀದಿಗೆ ಗಾಡಿ ಬರುವುದನ್ನು ನಿಲ್ಲಿಸಿ ಜನ ನೆಮ್ಮದಿಯಾಗಿ ನಡೆಯುವಂತೆ ಮಾಡುತ್ತೇನೆ ಎಂಬುದು ಟೀಚರಮ್ಮನ ಮಾತು. ಬೀದಿಯ ಹೊಟ್ಟೆಯ ಮೇಲೇ ಹೊಡೆಯುತ್ತಿದ್ದಾರೆ ಎಂಬುದು ಸದಸ್ಯರ ಕಡೆಯವರ ಕೂಗು. ಗುಂಪಿನ ಇನ್ನೂರ ಹನ್ನೆರಡು ಜನ ಎರಡು ಬಣವಾಗಿ ಬೆಳಗಿನಿಂದ ಸಂಜೆವರೆಗೆ ಕಚ್ಚಾಡುತ್ತಿದ್ದರು.

ಪೆನ್ನಪ್ಪನವರು ಟೀಚರಮ್ಮನ ಕಡೆ. ಆದರೆ ಅವರ ಕಣ್ಣಿಗೆ ಹಬ್ಬವಾದದ್ದು ಟೀಚರಮ್ಮ ಅಲ್ಲ, ತಪ್ಪುಗಳು. ಅಕ್ಷರದ ತಪ್ಪುಗಳನ್ನು ಎರಡೇ ದಿನಕ್ಕೆ ಕೈಬಿಟ್ಟರು, ಅದು ಸಮುದ್ರ. ವಾದದ ತಪ್ಪುಗಳು ಮಾತ್ರ ಬಿಡಿಸಿದಷ್ಟೂ ರುಚಿಯಾಗಿದ್ದವು. ಅವಕ್ಕೆ ಶಾಸ್ತ್ರದಲ್ಲಿ ಬಾಯಿ ತಿರುಗದಂಥ ಹೆಸರುಗಳಿವೆ ಎಂದು ಅವರಿಗೆ ಗೊತ್ತಿತ್ತು, ಅಂಥದೊಂದು ಪುಸ್ತಕದ ಕರಡನ್ನು ಹಿಂದೆ ತಾವೇ ತಿದ್ದಿದ್ದರು. ಬೀದಿಗೆ ಬೀದಿಯ ಹೆಸರೇ ಸಾಕೆಂದು ಹೊಸದಾಗಿ ನಾಮಕರಣ ಮಾಡಿದರು. 'ಒಂದೋ ಇದು, ಇಲ್ಲವೋ ಸರ್ವನಾಶ' ಎಂದರೆ ಅದು 'ಎರಡೇ ಬಾಗಿಲು'. ಇವತ್ತು ಇಷ್ಟು, ನಾಳೆ ಅಷ್ಟು, ನಾಡಿದ್ದು ಪ್ರಳಯ ಎಂದರೆ 'ಜಾರುಬಂಡಿ'. ಊರಿಗೂರೇ ನಮ್ಮ ಕಡೆ ಎಂದರೆ 'ಮಂದೆ'. ಮಾತನ್ನು ಬಿಟ್ಟು ಮಾತಾಡಿದವನ ಮೂಗು, ಮುಖ, ಜೇಬು ಹಿಡಿದು ಎಳೆದರೆ 'ಆಳಿಗೆ ಹೊಡೆತ'. ಎದುರಿನವನು ಆಡದ ಮಾತನ್ನು ಅವನ ಬಾಯಿಗೆ ತುರುಕಿ ಅದಕ್ಕೆ ಬಡಿದರೆ 'ಗೊಂಬೆಯುದ್ಧ'. ವಾದ ಕೈಕೊಟ್ಟಾಗ ಅತ್ತು ಗೆಲ್ಲಲು ನೋಡಿದರೆ 'ಕಣ್ಣೀರು'.

ಒಮ್ಮೆ ಸದಸ್ಯರ ಕಡೆಯವರು ಯಾವುದೋ ಊರಿನ ಖಾಲಿ ರಸ್ತೆಯ ಫೋಟೋ ಹಾಕಿ, ಗಾಡಿ ನಿಲ್ಲಿಸಿದ ಮೇಲೆ ಸತ್ತ ಬೀದಿ ನೋಡಿ ಎಂದು ಬರೆದರು. ಗುಂಪೆಲ್ಲ ಅಯ್ಯೋ ಎಂದಿತು. ಪೆನ್ನಪ್ಪನವರು ಭೂತಗನ್ನಡಿ ತಂದು ಫೋಟೋ ನೋಡಿದರು. ಕಂಬದ ನೆರಳು ಕಂಬದ ನಾಲ್ಕರಷ್ಟು ಉದ್ದ, ಅಂಗಡಿಗಳ ಬಾಗಿಲಲ್ಲಿ ಇನ್ನೂ ಎತ್ತದ ಪೇಪರ್ ಕಟ್ಟು. "ಈ ಬೀದಿ ಸತ್ತಿಲ್ಲ, ಇನ್ನೂ ಎದ್ದಿಲ್ಲ" ಎಂದು ಬರೆದರು. ಅರವತ್ತು ಹೆಬ್ಬೆರಳು ಬಿದ್ದವು. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಅನಾಹುತ ಶುರುವಾದದ್ದೇ ಆ ಅರವತ್ತು ಹೆಬ್ಬೆರಳಿನಿಂದ ಎಂದು ಅವರ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಅವರಿಗೊಬ್ಬ ತಮ್ಮ. ಅಂಗಡಿಬೀದಿಯ ನಡುಮಧ್ಯೆ ಅಪ್ಪ ಬಿಟ್ಟುಹೋದ ಕಟಿಂಗ್ ಶಾಪ್ ನಡೆಸುತ್ತಿದ್ದ. ಪೆನ್ನಪ್ಪನವರ ತಲೆಯನ್ನು ಹುಟ್ಟಿದಾಗಿನಿಂದ ಮುಟ್ಟಿದ್ದು ಎರಡೇ ಕತ್ತರಿ, ಮೊದಲು ಅಪ್ಪನದು, ಆಮೇಲೆ ತಮ್ಮನದು. ಮೂರು ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮುಂಚೆ, ಅಪ್ಪನ ಅದೇ ಕುರ್ಚಿಯಲ್ಲಿ. ಕತ್ತರಿಸುವುದಕ್ಕೆ ಹತ್ತು ನಿಮಿಷ, ಕಾಡುಹರಟೆಗೆ ಒಂದು ಗಂಟೆ. ಆ ಒಂದು ಗಂಟೆಗಾಗಿಯೇ ತನ್ನ ಕೂದಲು ಬೆಳೆಯುತ್ತದೆ ಎಂಬುದು ಪೆನ್ನಪ್ಪನವರ ನಂಬಿಕೆಯಾಗಿತ್ತು.

ತಮ್ಮ ಸದಸ್ಯರ ಕಡೆ. ಅದೇನೂ ದೊಡ್ಡ ವಿಷಯವಲ್ಲ. ಚಿಕ್ಕಂದಿನಿಂದ ಅಣ್ಣ ಎತ್ತೆಂದರೆ ಇವನು ಕೋಣ ಎನ್ನುವವನೇ. ಆದರೆ ಒಂದು ದಿನ ಅವನು ಮೂರು ರಾತ್ರಿ ಯೋಚಿಸಿ ಗುಂಪಿನಲ್ಲಿ ಒಂದು ಉದ್ದದ ಬರಹ ಹಾಕಿದ. ಜೀವಮಾನದಲ್ಲಿ ಅವನು ಬರೆದ ಮೊದಲ ಬರಹ. ಪೆನ್ನಪ್ಪನವರು ಓದಿದರು. ಕೈ ತುರಿಸಿತು. ಜೆರಾಕ್ಸ್ ಅಂಗಡಿಗೆ ಹೋಗಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದರು. ಕೆಂಪು ಪೆನ್ನಿನಿಂದ ಸುತ್ತು ಹಾಕಿದರು, ಅಂಚಿನಲ್ಲಿ ಗುರುತು ಬರೆದರು, ಕೊನೆಯ ಮೂರು ಸಾಲುಗಳನ್ನು ನೇರ ಗೀಟೆಳೆದು ಹೊಡೆದುಹಾಕಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದರ ಫೋಟೋ ತೆಗೆದು ಗುಂಪಿಗೆ ಹಾಕಿದರು.

ಬೀದಿ ಬಿದ್ದುಬಿದ್ದು ನಕ್ಕಿತು. ತೊಂಬತ್ತನಾಲ್ಕು ಹೆಬ್ಬೆರಳು. ತಮ್ಮ ಒಂದಕ್ಷರವೂ ಬರೆಯದೆ ಗುಂಪಿನಿಂದ ಹೊರಗೆ ನಡೆದ. ಮುಂದಿನ ಸರದಿಯ ಬುಧವಾರ ಪೆನ್ನಪ್ಪನವರು ಹೋದಾಗ ಅಂಗಡಿಯ ಬಾಗಿಲು ಅರ್ಧ ಎತ್ತಿತ್ತು, ಒಳಗೆ ದೀಪ ಉರಿಯುತ್ತಿತ್ತು. ಅಣ್ಣನ ಚಪ್ಪಲಿ ಸದ್ದು ಕೇಳಿದ್ದೇ ಬಾಗಿಲು ಕೆಳಗಿಳಿಯಿತು.

ಅಲ್ಲಿಂದ ಐದು ವಾರ. ಕೂದಲು ಕಿವಿ ಮುಚ್ಚಿ ಕಾಲರ್ ಮೇಲೆ ಕೂತಿತು. ಕನ್ನಡಿಯಲ್ಲಿ ಪಿಟೀಲು ಬಾರಿಸುವವರಂತೆ ಕಾಣುತ್ತಿದ್ದರು, ಪಿಟೀಲು ಮಾತ್ರ ಇರಲಿಲ್ಲ. ಹಿಂದಿನ ಬೀದಿಯ ಬೇರೆ ಅಂಗಡಿಗೆ ಎರಡು ಸಲ ಹೋದರು. ಒಮ್ಮೆ ಬಾಗಿಲವರೆಗೆ, ಇನ್ನೊಮ್ಮೆ ಬೆಂಚಿನವರೆಗೆ. ತಮ್ಮನಲ್ಲದ ಕೈ ಕುತ್ತಿಗೆಗೆ ಬಟ್ಟೆ ಕಟ್ಟುವುದನ್ನು ನೆನೆದದ್ದೇ ಎದ್ದು ಬಂದರು.

"ಹೋಗಿ ಒಂದು ಮಾತು ಕೇಳಬಾರದಾ?" ಎಂದಳು ಹೆಂಡತಿ.

"ಏನಂತ ಕೇಳ್ಲಿ? ನಾನು ಹಾಕಿರೋ ಒಂದು ಗುರುತಾದ್ರೂ ತಪ್ಪಾ ಹೇಳು. ತಪ್ಪಿದ್ರೆ ಈಗಲೇ ಹೋಗಿ ಕಾಲಿಗೆ ಬೀಳ್ತೀನಿ."

ಈ ಮಾತು ಬೇರೆ ಯಾರ ಹತ್ತಿರವಾದರೂ ನಡೆಯುತ್ತಿತ್ತು. ಆಕೆ ಅದೇ ಅಚ್ಚುಮನೆಯಲ್ಲಿ ಇಪ್ಪತ್ತು ವರ್ಷ ಓದಿ ಹೇಳುವ ಕೆಲಸ ಮಾಡಿದವಳು. ಕರಡು ತಿದ್ದುವುದು ಒಬ್ಬರ ಕೆಲಸವಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಕೇಳಬೇಕು. ಓದುವುದೆಂದರೆ ಬರೀ ಮಾತಲ್ಲ, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ. ಪೆನ್ನಪ್ಪನವರು ಆಕೆಯನ್ನು ಮೆಚ್ಚಿದ್ದೇ ಆಕೆ ಪ್ರಶ್ನಾರ್ಥಕ ಚಿಹ್ನೆಯನ್ನು ಹೇಳುವ ಚೆಂದಕ್ಕೆ. ಇದನ್ನು ಅವರು ಮದುವೆಯಾಗಿ ಏಳು ವರ್ಷದ ಮೇಲೆ ಒಪ್ಪಿಕೊಂಡರು.

"ಆ ಕಾಗದ ಕೊಡಿ ಇಲ್ಲಿ" ಎಂದಳು ಆಕೆ, ಕನ್ನಡಕ ಏರಿಸಿಕೊಂಡು. "ಒಬ್ಬರೇ ಕೂತು ತಿದ್ದಿದ್ದೀರಿ. ನಾನಿನ್ನೂ ಸತ್ತಿಲ್ಲ ಅಲ್ವಾ? ಓದ್ತೀನಿ, ಕೇಳಿ."

ಅಡುಗೆಮನೆಯ ಮೇಜಿನ ಆಚೆ ಈಚೆ ಕೂತರು. ಚಹಾ ಆರುತ್ತಿತ್ತು. ಆಕೆ ಹಳೆಯ ಧಾಟಿಯಲ್ಲೇ, ಏರಿಳಿತವಿಲ್ಲದೆ ಓದಿದಳು.

"ಬೀದಿಯ ಬಂಧುಗಳೇ, ಉದ್ಗಾರ. ಇವತ್ತು ಕಾರು ನಿಲ್ಲಿಸುತ್ತಾರೆ, ಅಲ್ಪ. ನಾಳೆ ಸೈಕಲ್ಲು, ಅಲ್ಪ. ನಾಡಿದ್ದು ನಡೆಯೋದಕ್ಕೂ ಚೀಟಿ ಕೇಳುತ್ತಾರೆ, ಪೂರ್ಣ."

"ಜಾರುಬಂಡಿ" ಎಂದರು ಪೆನ್ನಪ್ಪನವರು.

"ಸರಿ. ಇಡೀ ಊರು ಸದಸ್ಯರ ಜೊತೆಗಿದೆ, ಪೂರ್ಣ."

"ಮಂದೆ."

"ಸರಿ. ಸ್ವಂತಕ್ಕೊಂದು ಸೈಕಲ್ಲೂ ಇಲ್ಲದ ಟೀಚರಮ್ಮನಿಗೆ ರಸ್ತೆ ಬಗ್ಗೆ ಏನು ಗೊತ್ತು, ಪ್ರಶ್ನೆ."

"ಆಳಿಗೆ ಹೊಡೆತ. ನೋಡಿದ್ಯಾ? ನಾನೇನು ಸುಮ್‌ಸುಮ್ನೆ ಹಾಕಿದ್ದೀನಾ?"

"ಗುರುವಾರ ಗುರುವಾರ—"

"ಅದು ಹೊಡೆದುಹಾಕಿದ್ದು, ಬಿಡು."

"ಹೊಡೆದಿದ್ದನ್ನೂ ಓದೋದು ರೂಢಿ. ಮರೆತುಬಿಟ್ರಾ?" ಆಕೆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪು ಗೀಟಿನ ಅಡಿಯಿಂದ ಒಂದೊಂದೇ ಪದ ಎತ್ತಿ ಓದಿದಳು. "ಗುರುವಾರ ಗುರುವಾರ ಗಡಿಯಾರದ ತಾತ ನನ್ನ ಅಂಗಡಿಗೆ ಬರುತ್ತಾರೆ, ಪೂರ್ಣ. ಕಾರು ಬಾಗಿಲಿಗೆ ಬಂದರೆ ಮಾತ್ರ ಅವರು ಇಳಿಯೋಕಾಗುತ್ತೆ, ಪೂರ್ಣ. ನಾಳೆಯಿಂದ ಅವರು ಎಲ್ಲಿಗೆ ಹೋಗಬೇಕು, ಪ್ರಶ್ನೆ."

ಆಕೆ ಪ್ರಶ್ನೆ ಎಂದು ಹೇಳಿ ಕಾಗದವನ್ನು ಅವರ ಕಡೆ ತಿರುಗಿಸಿಟ್ಟಳು. ಆ ಮೂರು ಸಾಲಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಕಣ್ಣೀರು' ಎಂದಿತ್ತು.

ಪೆನ್ನಪ್ಪನವರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಗಡಿಯಾರ ರಿಪೇರಿ ಮಾಡುತ್ತಿದ್ದ ಆ ತಾತನ ಮೊಣಕಾಲುಗಳು ಹೋಗಿ ನಾಲ್ಕು ವರ್ಷವಾಗಿತ್ತು. ಕಾರು ನಿಂತ ಕೂಡಲೇ ತಮ್ಮ ಕತ್ತರಿ ಕೆಳಗಿಟ್ಟು ಓಡುವುದನ್ನು, ತಾತನ ಕಾಲುಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಡುವುದನ್ನು ಅವರೇ ಎಷ್ಟೋ ಸಲ ಕಂಡಿದ್ದರು. ತಮ್ಮ ಅಳುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದ್ದ. ಅದಕ್ಕೆ ಟೀಚರಮ್ಮನ ಹತ್ತಿರವೂ ಉತ್ತರವಿರಲಿಲ್ಲ, ಇವರ ಹತ್ತಿರವೂ ಇರಲಿಲ್ಲ. ಉತ್ತರವಿಲ್ಲದ್ದಕ್ಕೆ ಗೀಟು ಎಳೆದಿದ್ದರು. ಮೇಲಿನ ಸಾಲುಗಳೆಲ್ಲ ಜೊಳ್ಳು ಎಂದು ಇದನ್ನೂ ಜೊಳ್ಳಿಗೆ ಸೇರಿಸಿ ತೂರಿಬಿಟ್ಟಿದ್ದರು.

"ಇನ್ನೊಂದಿದೆ" ಎಂದು ಹೆಂಡತಿ ಫೋನು ಕೈಗೆತ್ತಿಕೊಂಡಳು. "ಮಕ್ಕಳ ಮೇಲೆ ಪ್ರೀತಿ ಇರುವವರೆಲ್ಲ ಟೀಚರಮ್ಮನಿಗೇ ಓಟು ಹಾಕುತ್ತಾರೆ, ಪೂರ್ಣ. ಇದಕ್ಯಾಕೆ ಗುರುತು ಹಾಕಿಲ್ಲ?"

"ಯಾವ ತಿಳಿಗೇಡಿ ಬರೆದಿದ್ದು ಅದು? ಹಾಕದವರಿಗೆಲ್ಲ ಪ್ರೀತಿ ಇಲ್ವಂತಾ? ಎರಡೇ ಬಾಗಿಲು!"

"ನೀವೇ ಬರೆದಿದ್ದು. ಕಳೆದ ಸೋಮವಾರ."

ಪೆನ್ನಪ್ಪನವರ ಮುಖ ಇಂಗು ತಿಂದ ಮಂಗನಂತಾಯಿತು. ಆಕೆ ನಗಲಿಲ್ಲ. ನಕ್ಕಿದ್ದರೆ ಅವರಿಗೆ ಸಲೀಸಾಗುತ್ತಿತ್ತು. ಬದಲಿಗೆ ಆಕೆ ಅಚ್ಚುಮನೆಯ ಹಿರಿಯರೊಬ್ಬರು ಮೊದಲ ದಿನವೇ ಇಬ್ಬರಿಗೂ ಹೇಳಿಕೊಟ್ಟ ಮಾತನ್ನು ನೆನಪಿಸಿದಳು. ತಿದ್ದಿದ ಕರಡನ್ನು ಬರೆದವನಿಗಲ್ಲದೆ ಇನ್ನೊಬ್ಬರಿಗೆ ತೋರಿಸಬೇಡಿ, ಒಗೆಯೋಕೆ ಕೊಟ್ಟ ಬಟ್ಟೆಯನ್ನ ಬೀದಿಯಲ್ಲಿ ಹರಡೋದಿಲ್ಲ ಅಲ್ವಾ, ಎನ್ನುತ್ತಿದ್ದರು ಅವರು. ಮೂವತ್ತೆಂಟು ವರ್ಷ ಎಂಥೆಂಥ ಮಹಾನುಭಾವರ ಕಾಗುಣಿತವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪೆನ್ನಪ್ಪನವರು ಸ್ವಂತ ತಮ್ಮನದನ್ನು ಮಾತ್ರ ಹರಡಿದ್ದರು. ಅವರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ತಮ್ಮನ ಮೇಲೆ ಎದೆ ತುಂಬಿ ಬಂತು. ಪಾಪ, ಮೊದಲ ಸಲ ಬರೆದಿದ್ದ.

ಅವರು ಪೆನ್ನಿನ ಮುಚ್ಚಳ ತೆಗೆದರು. ಹೊಡೆದ ಮೂರು ಸಾಲುಗಳ ಕೆಳಗೆ, ಒಂದು ಪದವನ್ನೂ ಬಿಡದೆ, ಸಾಲಾಗಿ ಚುಕ್ಕಿ ಇಟ್ಟರು.

ಮಾರನೆಯ ದಿನ ಗುರುವಾರ. ಅಂಗಡಿಯ ಮುಂದೆ ಕಾರು ಆಗಲೇ ನಿಂತಿತ್ತು. ತಮ್ಮ ಬಗ್ಗಿ ತಾತನ ಎಡಗಾಲು ಇಳಿಸುತ್ತಿದ್ದ. ಪೆನ್ನಪ್ಪನವರು ಹೋಗಿ ಕಾರಿನ ಬಾಗಿಲು ಹಿಡಿದುಕೊಂಡು ನಿಂತರು. ತಮ್ಮ ಒಮ್ಮೆ ನೋಡಿ ತಾತನ ಬಲಗಾಲಿಗೆ ಕೈ ಹಾಕಿದ. ಒಳಗೆ ತಾತನ ಗಡ್ಡ ಕೆರೆಯುವಷ್ಟು ಹೊತ್ತೂ ಅಣ್ಣ ಬೆಂಚಿನ ಮೇಲೆ ಗಿರಾಕಿಯಂತೆ ಕೂತಿದ್ದರು.

"ಇದ್ಯಾರಪ್ಪ ಈ ಸಂನ್ಯಾಸಿ?" ಎಂದು ತಾತ ಕನ್ನಡಿಯಲ್ಲಿ ನೋಡಿ ಕೇಳಿದರು.

"ಗೊತ್ತಿಲ್ಲ ತಾತ. ಯಾರೋ ತುಂಬ ಓದಿದೋರು" ಎಂದ ತಮ್ಮ.

ತಾತನನ್ನು ಮತ್ತೆ ಕಾರಿಗೆ ಕೂರಿಸಿ ಬಂದ ಮೇಲೆ ತಮ್ಮ ಕುರ್ಚಿಯನ್ನು ಬಟ್ಟೆಯಿಂದ ಪಟಪಟನೆ ಒದರಿ, ಎತ್ತಲೋ ನೋಡುತ್ತ "ಮುಂದಿನವರು ಬನ್ನಿ" ಎಂದ. ಹುಟ್ಟಿದಾಗಿನಿಂದ ಅಣ್ಣನಿಗೆ ಬಹುವಚನ ಹಾಕದವನು. ಅದು ಬಾಗಿಲು ಎಳೆದದ್ದಕ್ಕಿಂತ ಜೋರಾಗಿ ಚುಚ್ಚಿತು. ಪೆನ್ನಪ್ಪನವರು ಕೂತರು. ಕುತ್ತಿಗೆಗೆ ಬಟ್ಟೆ ಬಂತು. ಅದರ ಅಡಿಯಿಂದ ಕೈ ಹೊರತೆಗೆದು ಆ ಕಾಗದವನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ, ಬಾಚಣಿಗೆಗಳ ನಡುವೆ ಬಿಡಿಸಿಟ್ಟರು.

ತಮ್ಮ ಕೈಯಲ್ಲಿದ್ದ ಬಾಚಣಿಗೆಯನ್ನು ಹಲಗೆಯ ಮೇಲೆ ಕುಕ್ಕಿದ. "ಮತ್ತೆ ತಂದ್ಯಾ ಇದನ್ನ?"

ಏಕವಚನ ಮರಳಿತ್ತು. ಪೆನ್ನಪ್ಪನವರಿಗೆ ಅರ್ಧ ಜೀವ ಬಂತು.

"ಕೆಳಗಿನ ಚುಕ್ಕಿ ನೋಡು."

"ಇದೇನಿದು, ಹೊಸ ಬೈಗುಳನಾ?"

"ತಿದ್ದುವವನು ತಪ್ಪು ಮಾಡಿದ್ರೆ ಇಡೋ ಗುರುತು ಕಣೋ. ಹೊಡೆದಿದ್ದು ತಪ್ಪಾಯ್ತು, ಈ ಸಾಲು ಇದ್ದ ಹಾಗೇ ಅಚ್ಚಾಗ್ಲಿ ಅಂತ. ನಿನ್ನ ಮಿಕ್ಕ ಸಾಲೆಲ್ಲ ಬರೀ ಹೊಟ್ಟು, ಅದನ್ನ ಇವತ್ತೂ ಹೇಳ್ತೀನಿ. ಆದ್ರೆ ತಾತನ ಮಾತು ನಿಜ. ಅದನ್ನ ನಾನು ಹೊಡೀಬಾರದಿತ್ತು. ಊರಿಗಂತೂ ತೋರಿಸ್ಲೇಬಾರದಿತ್ತು. ತಪ್ಪಾಯ್ತು."

ಕನ್ನಡಿಯಲ್ಲಿ ತಮ್ಮ ಆ ಚುಕ್ಕಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಂಡು ಹೋದ. ಮೂರು ಸಾಲೂ ಮುಗಿಸಿದ. ಆಮೇಲೆ ಕತ್ತರಿ ಎತ್ತಿಕೊಂಡ. ಎಂಟು ವಾರದ ಬಿಳಿ ಕೂದಲು ಮಡಿಲು ತುಂಬಿತು.

ಹಿಂಗುತ್ತಿಗೆಗೆ ನೊರೆ ಹಚ್ಚಿ, ಕ್ಷೌರದ ಕತ್ತಿ ಇಟ್ಟು, ತಮ್ಮ ಕೇಳಿದ. "ಈಗ ಹೇಳು. ಓಟು ಯಾರಿಗೆ?"

"ಟೀಚರಮ್ಮನಿಗೇ. ತಾತನ ಕಾರಿಗೆ ಏನು ದಾರಿ ಅಂತ ಇವತ್ತೇ ಗುಂಪಲ್ಲಿ ಎಲ್ಲರ ಮುಂದೆ ಅವರನ್ನ ಕೇಳ್ತೀನಿ. ಉತ್ತರ ಕೊಡ್ದೇ ಇದ್ರೆ ಆಮೇಲೆ ನೋಡೋಣ. ಮತ್ತೆ, ಕುತ್ತಿಗೆ ಮೇಲೆ ಕತ್ತಿ ಇಟ್ಕೊಂಡು ಕೇಳೋದೂ ಒಂದು ವಾದದ ತಪ್ಪೇ. ಬೆದರಿಕೆ ಅಂತಾರೆ ಅದಕ್ಕೆ."

"ಅಲ್ಲಾಡಬೇಡ" ಎಂದ ತಮ್ಮ. ಆದರೆ ಅಲ್ಲಾಡುತ್ತಿದ್ದದ್ದು ಅವನ ಕೈಯೇ. ನಗು ತಡೆಯಲಾರದೆ ಕತ್ತಿ ಕೆಳಗಿಟ್ಟು, ಅಣ್ಣನ ಭುಜಕ್ಕೆ ಹಣೆ ಒತ್ತಿ ಕುಲುಕುಲು ನಕ್ಕ. ಪೆನ್ನಪ್ಪನವರೂ ನಕ್ಕರು. ಕಣ್ಣಲ್ಲಿ ನೀರು ಬಂತು, ನೊರೆ ಹೋಯಿತೆಂದು ಇಬ್ಬರೂ ಒರೆಸಿಕೊಂಡರು.

ಮಧ್ಯಾಹ್ನ ಪೆನ್ನಪ್ಪನವರು ಚುಕ್ಕಿಯಿಟ್ಟ ಮೂರು ಸಾಲನ್ನಷ್ಟೇ, ತಮ್ಮನನ್ನು ಕೇಳಿಕೊಂಡೇ, ಗುಂಪಿಗೆ ಹಾಕಿದರು. ಕೆಳಗೆ "ಹೊಡೆದದ್ದು ನನ್ನ ತಪ್ಪು. ಟೀಚರಮ್ಮನವರು ಇದಕ್ಕೆ ಉತ್ತರ ಕೊಡಬೇಕು" ಎಂದು ಬರೆದರು. ಹನ್ನೊಂದೇ ಹೆಬ್ಬೆರಳು ಬಿದ್ದವು. ಸಂಜೆ ನಾಲ್ಕಕ್ಕೆ ತಮ್ಮ ಮತ್ತೆ ಗುಂಪಿಗೆ ಸೇರಿದ. ಸೇರಿದವನೇ ಬರೆದ: "ಇಡೀ ಊರಿಗೇ ಗೊತ್ತು, ನಮ್ಮಣ್ಣನಂಥ ಅಣ್ಣ ಪ್ರಪಂಚದಲ್ಲಿ ಎಲ್ಲೂ ಇಲ್ಲ."

ಒಂದೇ ಸಾಲಿನಲ್ಲಿ ಎರಡು ತಪ್ಪು. ಮಂದೆ, ಮೇಲೆ ಲೋಕವನ್ನೆಲ್ಲ ನೋಡಿ ಬಂದವನಂತೆ ಒಂದು ತೀರ್ಪು. ಪೆನ್ನಪ್ಪನವರ ಕೈ ತಾನಾಗಿ ಜೇಬಿಗೆ ಹೋಯಿತು. ಪೆನ್ನನ್ನು ಮುಟ್ಟಿತು. ಹಾಗೇ ವಾಪಸು ಬಂತು. ಅವರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಆ ಸಾಲನ್ನು ಗಟ್ಟಿಯಾಗಿ ಎರಡು ಸಲ ಓದಿಸಿಕೊಂಡರು, ಪೂರ್ಣವಿರಾಮ ಸಮೇತ.