ಹಲ್ಲು ತಾಗದ ಉಂಡೆ

ಆ ಕಾಗೆ ಮತ್ತೆ ಮುಖ ತಿರುಗಿಸಿತು, ಬೇಲೆಕೇರಿಯಲ್ಲಿ ಕಾಗೆಗೆ ಬರವೇ, ಮೀನು ಒಣಹಾಕಿದಲ್ಲೆಲ್ಲ ಇವುಗಳದೇ ದರ್ಬಾರು, ಇವತ್ತು ಮಂಗೇಶ ಭಾವನ ಹನ್ನೆರಡನೇ ದಿನಕ್ಕೆ ಮಾತ್ರ ಕಡಲದಂಡೆಯಲ್ಲಿಟ್ಟ ಬಾಳೆಲೆಯ ಮೇಲಿನ ಪಿಂಡಕ್ಕೆ ಒಂದೂ ಇಳಿಯೂದಿಲ್ಲ, ಏನೋ ಆಸೆ ಉಳಿದಿದೆ, ಯಾರಾದರೂ ಮಾತು ಕೊಡಿ ಅಂತ ಭಟ್ಟರು, ನನ್ನ ಅಕ್ಕ ದುರ್ಗಾ ಸೆರಗು ಬಾಯಿಗೊತ್ತಿ, ನಿಮ್ಮ ಹುಲಿಯಾನ ನಾ ನೋಡ್ಕಳ್ತೆ ಅಂದಳು ಸತ್ತ ಗಂಡನಿಗೆ, ಅವಳ ಕಾಲ ಬಳಿಯೇ ಮಲಗಿದೆ ನಾಯಿ, ಒಂದು ಕಿವಿ ಸುಟ್ಟು ಮುರುಟಿದೆ, ಆಗಲೂ ಕಾಗೆ ಬರಲಿಲ್ಲ, ಬರೂದಿಲ್ಲ, ಅವನಿಗೆ ಬೇಕಾದದ್ದು ನನ್ನ ಮಾತು, ಥೂ, ಕೂತಿರಲಿ.

ಬಡಗಿ ಅಂದರೆ ಅವನು, ಶಿರವಾಡದಲ್ಲಿ ಎಷ್ಟು ಮನೆಯ ಮಾಡು ಅವನು ಕಟ್ಟಿದ್ದು, ಉಳಿ ಕೆಳಗೆ ಬಿದ್ದರೆ ಬಗ್ಗುತ್ತಿರಲಿಲ್ಲ, ಅಂಗೈ ಚಾಚಿ ತಾ ಅನ್ನೂದು, ಹುಲಿಯಾ ಬಾಯಲ್ಲಿ ಹಿಡಿದು ತಂದು ಕೈಗಿಡೂದು, ಕೋಳಿಮೊಟ್ಟೆ ಸಹ, ನೋಡ್ರೋ ಹಲ್ಲು ತಾಗಿದೆಯಾ, ಸುತ್ತಲಿದ್ದವರಿಗೆಲ್ಲ ತೋರಿಸೂದು, ಭಾನುವಾರ ಬಂತೆಂದರೆ ನಾಯಿ ಜೊತೆ ಭಾವಿಕೇರಿ ಗುಡ್ಡ, ಜೇನು, ಅಣಬೆ, ಮನೆಗೆ ಬಂದರೆ ಮೊದಲ ಅನ್ನ ನಾಯಿಗೆ, ಅಂಥವನು — ಅಂಥವನೇ ನನ್ನ ಎರಡು ಹಲ್ಲು ಉದುರಿಸಿದ್ದು, ಗೆಣಸಿನ ಗದ್ದೆಯಲ್ಲಿ ಹಂದಿಗೆ ನಾನಿಟ್ಟ, ಕಚ್ಚಿದರೆ ಸಿಡಿಯೂ ಮದ್ದಿನ ಉಂಡೆಯನ್ನು ಅವನ ಹಳೇ ನಾಯಿ ಮಂಜಿ ಕಚ್ಚಿದಾಗ, ಢಂ ಅಂತು, ಮಂಜಿಗೆ ಕೆಳದವಡೆಯೇ ಇಲ್ಲ, ನಾಲಗೆ ಮಣ್ಣಿಗೆ ತಾಗುತ್ತಿತ್ತು, ಅವನನ್ನು ನೋಡಿ ಬಾಲ ಅಲ್ಲಾಡಿಸುತ್ತಿತ್ತು, ಮರ ಕೆತ್ತೂ ಬಾಚಿಯನ್ನು ತಿರುಗಿಸಿ ಹಿಡಿದು ಅವನೇ ತಲೆಗೆ ಒಂದು ಪೆಟ್ಟು ಕೊಟ್ಟ, ಅದೇ ನೆತ್ತರ ಕೈಯಲ್ಲಿ ನನ್ನ ಕುತ್ತಿಗೆ ಹಿಡಿದ, ಇನ್ನೊಮ್ಮೆ ಇಟ್ಟರೆ ಕೈ ಕಡಿತೆ ಸಾಯಿನಾಥ, ಅಕ್ಕನ ತಲೆ ಮುಟ್ಟಿ ಆಣೆ ಹಾಕು, ಹಾಕಿದೆ, ಆದರೆ ಆಣೆ ಹಂದಿ ಕೇಳ್ತದೆಯೇ, ಅರ್ಧ ಗದ್ದೆ ಮಗುಚಿ ಹಾಕಿತು, ಮತ್ತೆ ಇಟ್ಟೆ, ಮೂರು.

ಬೆಳಿಗ್ಗೆ ಹೆಕ್ಕಲಿಕ್ಕೆ ಹೋದರೆ ಎರಡೇ, ಮೂರನೆಯದು ಹುಲಿಯಾನ ಬಾಯಲ್ಲಿ, ಗದ್ದೆಯ ಆಚೆ ನಿಂತ ಭಾವನ ಕಡೆಗೆ ಓಡುತ್ತಿದೆ, ಹಲ್ಲು ತಾಗಿಸದೆ, ಕೂಗಬಹುದಿತ್ತು, ಹತ್ತು ಮಾರು ದೂರ, ಭಾವಾ ಅಂತ ಒಂದೇ ಮಾತು, ಬೇಲಿಯ ಹಿಂದೆ ಕುಕ್ಕರಿಸಿದೆ, ಹೋದ ಹಲ್ಲು ನೆನಪಾಯಿತು, ಹೇಡಿ, ಹೇಡಿ ನಾನು, ಭಾವನಿಗೆ ಗೊತ್ತಾಯಿತು ಅದೇನೆಂದು, ಓಡಲಿಲ್ಲ, ಮಂಡಿಯೂರಿ ಎರಡೂ ಅಂಗೈ ಕೂಡಿಸಿದ, ಮೆಲ್ಲಗೆ ಮಗಾ, ತಾ, ತಗೊಂಡ, ನಾಯಿಗೆ ಬೆನ್ನು ಕೊಟ್ಟು ತಿರುಗಿದ, ಎಸೆಯಲಿಕ್ಕೆ ಕೈ ಎತ್ತಿದ್ದಷ್ಟೇ — ಮಣಿಕಟ್ಟಿನಿಂದ ಮುಂದೆ ಏನೂ ಇಲ್ಲ, ಮುಖ ಅಂತ ಹೇಳೂ ಹಾಗಿಲ್ಲ, ಬೆರಳೊಂದು ಗೆಣಸಿನ ಬಳ್ಳಿಯಲ್ಲಿ ಬಿದ್ದಿತ್ತು, ಹುಲಿಯಾ ಅದನ್ನೂ ಮೆಲ್ಲಗೆ ತಂದು ಅವನ ಪಕ್ಕ ಇಟ್ಟಿತು, ಪೊಲೀಸರು ಕೇಳಿದರೆ ಯಾರೋ ಘಟ್ಟದ ಮೇಲಿನವರು ಇಟ್ಟಿರಬೇಕು ಅಂದೆ, ಅಕ್ಕ ನಂಬಿದಳು.

ತಮ್ಮಾ, ನೀನೂ ಒಂದು ಮಾತು ಹೇಳೊ, ನಿನ್ನ ಮೇಲೆ ಜೀವ ಇತ್ತು ಅವರಿಗೆ, ಅಕ್ಕನ ಕೈ ನನ್ನ ಭುಜದ ಮೇಲೆ, ಹೇಳಿದರೆ ಈ ಕೈ ಇನ್ನು ನನಗಿಲ್ಲ, ಹೇಳದಿದ್ದರೆ — ಹಿಡೀರೊ, ನಾಯಿ ಹಿಡೀರೊ, ಹುಲಿಯಾ ಎದ್ದಿದೆ, ಪಿಂಡಕ್ಕೆ ಬಾಯಿ ಹಾಕಿದೆ, ತಿನ್ನೂದಿಲ್ಲ, ಮರಳ ಮೇಲೆ ನೆಟ್ಟಗೆ ಬರ್ತಾ ಇದೆ, ಅಷ್ಟು ಜನರಲ್ಲಿ ನನ್ನ ಕಡೆಗೇ, ಆ ಮದ್ದಿನ ಉಂಡೆಯಲ್ಲಿ ನನ್ನ ಕೈಯ ವಾಸನೆ ಇತ್ತಲ್ಲ, ಅಕ್ಕಾ ಅಂದೆ, ಅಂಗೈ ತಾನೇ ಚಾಚಿದೆ, ಬಿಸಿ ಉಸಿರು, ಹುಲಿಯಾನ ಬಾಯಿ, ಬಾಯಲ್ಲಿ ಉಂಡೆ, ಒಂದು ಅಗುಳೂ ಉದುರಿಲ್ಲ, ಎಲ್ಲೂ ಹಲ್ಲು ತಾಗಿಲ್ಲ.